ರಸ್ತೆಗುಂಡಿಯಲ್ಲಿ ಕಂಡ ಚಂದ್ರಲೋಕ

ಚನ್ನಪಟ್ಟಣದ ಬುಗುರಿಯೊಂದರ ಮೇಲ್ಭಾಗದಲ್ಲಿ, ಅಂಚಿನ ಹತ್ತಿರ, ಒಂದು ಬಿಳಿ ಚುಕ್ಕೆ ಅಂಟಿಸಿ ತಿರುಗಿಸಿ ನೋಡಿ. ಚುಕ್ಕೆ ಮಾಯವಾಗಿ ಬಿಳಿ ಬಳೆಯೊಂದು ಮೂಡುತ್ತದೆ. ಬುಗುರಿ ನಿಂತೊಡನೆ ಬಳೆ ಇಲ್ಲ, ಮತ್ತೆ ಅದೇ ಚುಕ್ಕೆ!

ಆ ಬುಗುರಿಯ ಮೇಲೆ ಕೆಂಪು, ಹಳದಿ ಪಟ್ಟೆಗಳೂ ಇರುತ್ತವೆ. ಕಡೆಯುವ ಯಂತ್ರದಲ್ಲಿ ಆಲೆಮರದ ತುಂಡು ತಿರುಗುತ್ತಿರುವಾಗ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಕೇದಿಗೆ ಎಲೆಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಆ ಪಟ್ಟೆ ಮರದ ಮೇಲೆ ಇರುವಂಥದು. ಬಿಳಿ ಬಳೆಯಾದರೋ ತೋರುವಂಥದು. ಒಂದು ನೋಟ ಅಳಿಯುವ ಮೊದಲೇ ಇನ್ನೊಂದು ಬಂದು ಸೇರುವುದರಿಂದ ಕಣ್ಣು ಮತ್ತು ಮಿದುಳು ಸೇರಿ ಅದನ್ನು ಕಟ್ಟುತ್ತವೆ.

ಇರುವುದು ಮತ್ತು ತೋರುವುದು, ಇವೆರಡರ ನಡುವಿನ ಗೆರೆಯನ್ನು ಅಳಿಸಿ ನೋಡುವುದು ಇಂದಿನ ಅನೇಕ ಕಲಾವಿದರ ಪ್ರಯೋಗ. ಚಲನಚಿತ್ರದವರು ಈ ಕೆಲಸವನ್ನು ಎಂದಿನಿಂದಲೋ ಮಾಡುತ್ತ ಬಂದಿದ್ದಾರೆ. ಚನ್ನಪಟ್ಟಣದ ನೆರೆಯ ರಾಮನಗರದ ಬೆಟ್ಟಗಳ ಬುಡದಲ್ಲಿ, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರಕ್ಕಾಗಿ ರಾಮಗಢವೆಂಬ ಊರನ್ನೇ ಕಟ್ಟಲಾಗಿತ್ತು. ಬಂಡೆಗಳು ನಿಜ, ಊರು ತೋರಿಕೆ. ಊರು ಅಳಿಯಿತು. ಆದರೂ ಅದನ್ನು ನೆನೆದು ಪ್ರವಾಸಿಗರು ಬರುತ್ತಲೇ ಇದ್ದಾರೆ.

ಸಿನಿಮಾ ನೋಡುವವನಿಗೆ ಅದು ಸಿನಿಮಾ ಎಂದು ಗೊತ್ತಿರುತ್ತದೆ. ಅಂಥದೇ ದೃಶ್ಯ ಯಾವ ಸೂಚನೆಯೂ ಇಲ್ಲದೆ ಕೈಯಲ್ಲಿನ ಮೊಬೈಲಿಗೆ ಬಂದರೆ?

2019ರ ಸೆಪ್ಟೆಂಬರ್ ಮೊದಲ ವಾರ. ಚಂದ್ರಯಾನ-2ರ ನೌಕೆ ಚಂದ್ರನ ಮೇಲೆ ಇಳಿಯುವುದನ್ನು ದೇಶವೇ ಎದುರು ನೋಡುತ್ತಿತ್ತು. ಆಗ ಒಂದು ವಿಡಿಯೋ ಹರಡಿತು. ಕಪ್ಪು ಆಕಾಶ, ಕುಳಿಗಳಿಂದ ತುಂಬಿದ ನೆಲ, ನಿಧಾನವಾಗಿ ಹೆಜ್ಜೆಯಿಡುವ ಗಗನಯಾತ್ರಿ. ಚಂದ್ರನೇ ಇರಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲೇ ಒಂದು ಆಟೋರಿಕ್ಷಾ ಹಾದುಹೋಗುತ್ತದೆ!

ಅದು ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಹೇರೋಹಳ್ಳಿಯ ಬೀದಿ. ಕುಳಿಗಳೆಲ್ಲ ರಸ್ತೆಗುಂಡಿಗಳು. ಗಗನಯಾತ್ರಿಯ ವೇಷ ತೊಟ್ಟವರು ನಟ ಪೂರ್ಣಚಂದ್ರ ಮೈಸೂರು. ಇದರ ರೂವಾರಿ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದರಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟು ಊರಿನ ಗಮನ ಸೆಳೆದವರೂ ಇವರೇ.

ಕಣ್ಣು ಮೋಸಹೋದದ್ದು ಹೇಗೆ? ಇದರಲ್ಲಿ ಮಂತ್ರವಿಲ್ಲ, ವಿಜ್ಞಾನವಿದೆ. ಚಂದ್ರನಲ್ಲಿ ಬೆಳಕನ್ನು ಚದುರಿಸಲು ವಾಯುಮಂಡಲವಿಲ್ಲ. ಆದ್ದರಿಂದ ಹಗಲಿನಲ್ಲೂ ಆಕಾಶ ಕಪ್ಪು, ನೆರಳು ಕಡುಗಪ್ಪು. ರಾತ್ರಿಯ ಬೀದಿ ಆ ಕಪ್ಪನ್ನು ಒದಗಿಸಿತು. ಚಂದ್ರನ ಗುರುತ್ವ ಭೂಮಿಯದರ ಆರರಲ್ಲೊಂದು ಪಾಲು. ಇಲ್ಲಿ ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ಸುಮಾರು 0.45 ಸೆಕೆಂಡಿನಲ್ಲಿ ನೆಲ ಮುಟ್ಟಿದರೆ, ಅಲ್ಲಿ 1.1 ಸೆಕೆಂಡ್ ಬೇಕು. ಹಾಗಾಗಿ ನಿಧಾನದ ನಡಿಗೆ ಕಂಡೊಡನೆ ‘ಇದು ಚಂದ್ರ’ ಎಂದು ಮನಸ್ಸು ಒಪ್ಪಿಬಿಡುತ್ತದೆ. ಇನ್ನೊಂದು ಗುಟ್ಟು ಅಳತೆಯದು. ಮನೆ, ಮರ, ಕಂಬ ಯಾವುದೂ ಕಾಣದಿದ್ದರೆ ಗುಂಡಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ಆಟೋ ಬಂದೊಡನೆ ಅಳತೆಗೋಲು ಸಿಕ್ಕಿತು, ಚಂದ್ರಲೋಕ ಕರಗಿತು.

ವಿಡಿಯೋ ಹರಡಿದ ಮರುದಿನವೇ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯವರು ಆ ರಸ್ತೆಯ ದುರಸ್ತಿಗೆ ಇಳಿದರು. ದಿನವೂ ಕಂಡರೂ ಯಾರ ಕಣ್ಣಿಗೂ ಬೀಳದಿದ್ದ ಗುಂಡಿ, ಚಂದ್ರನ ವೇಷ ಹಾಕಿದ ಮೇಲೆ ಎಲ್ಲರಿಗೂ ಕಾಣಿಸಿತು!

ಬೆಳಕಿನ ಪಾಠದಲ್ಲಿ ಮಿಥ್ಯಾ ಬಿಂಬದ ಮಾತು ಬರುತ್ತದೆ. ಅದನ್ನು ಪರದೆಯ ಮೇಲೆ ಹಿಡಿಯಲಾಗದು. ಆದರೆ ಮಿಥ್ಯಾ ಬಿಂಬವೆಂದರೆ ಸುಳ್ಳು ಬಿಂಬವೆಂದಲ್ಲ. ಬಸ್ಸಿನ ಚಾಲಕ ಪಕ್ಕದ ಕನ್ನಡಿಯಲ್ಲಿ ನೋಡುವುದು ಮಿಥ್ಯಾ ಬಿಂಬವನ್ನೇ. ಹಿಂದಿನಿಂದ ಬರುವ ಲಾರಿ ಮಾತ್ರ ನಿಜ. ಕನ್ನಡಿ ಎಲ್ಲಿದೆ ಎಂಬುದು ಗೊತ್ತಿರುವುದರಿಂದಲೇ ಚಾಲಕನಿಗೆ ಅದು ಉಪಯೋಗಕ್ಕೆ ಬರುತ್ತದೆ.

ಕಲೆಗೂ ವಂಚನೆಗೂ ಇರುವ ವ್ಯತ್ಯಾಸವೂ ಇದೇ. ಕಲಾವಿದ ಆಟೋವನ್ನು ದೃಶ್ಯದೊಳಗೆ ಉಳಿಸಿಕೊಂಡು ತನ್ನ ಆಟವನ್ನು ತಾನೇ ಬಯಲು ಮಾಡಿದ. ವಂಚಿಸುವವನು ಆಟೋವನ್ನು ಕತ್ತರಿಸಿಬಿಡುತ್ತಾನೆ. ಇಂದು ಕೃತಕ ಬುದ್ಧಿಮತ್ತೆಯಿಂದ ಬೀದಿಯೂ ನಟನೂ ಇಲ್ಲದೆಯೇ ಇಂಥ ದೃಶ್ಯ ತಯಾರಿಸಬಹುದು. ಮೊಬೈಲನ್ನು ಮಕ್ಕಳಿಂದ ಕಸಿದುಕೊಳ್ಳುವುದಷ್ಟೇ ಇದಕ್ಕೆ ಮದ್ದಲ್ಲ. ತಂದೆತಾಯಿ ಜೊತೆಗೆ ಕುಳಿತು ಮೂರು ಪ್ರಶ್ನೆ ಕೇಳಬಹುದು. ಕ್ಯಾಮೆರಾ ಎಲ್ಲಿದೆ? ಬೆಳಕು ಎಲ್ಲಿಂದ ಬರುತ್ತಿದೆ? ಚೌಕಟ್ಟಿನ ಆಚೆ ಏನಿರಬಹುದು? ಉತ್ತರ ಹೊಳೆಯದಿದ್ದರೆ, ಇನ್ನೊಬ್ಬರಿಗೆ ಕಳಿಸುವ ಮೊದಲು ಕಾಯುವುದು ಒಳ್ಳೆಯದು.

ಅಭ್ಯಾಸಕ್ಕೆ ಬುಗುರಿಯೇ ಸಾಕು. ಒಳ್ಳೆಯ ಬಿಸಿಲಿನಲ್ಲಿ ಅದನ್ನು ತಿರುಗಿಸಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಕಣ್ಣಿಗೆ ಬಳೆ ಕಂಡ ಜಾಗದಲ್ಲಿ ಚಿತ್ರದಲ್ಲಿ ಚುಕ್ಕೆಯೋ ತುಂಡು ಗೆರೆಯೋ ಇರುತ್ತದೆ. ಎರಡರಲ್ಲಿ ಯಾವುದನ್ನು ನಂಬಬೇಕು? ರಾತ್ರಿ ಊಟದ ಹೊತ್ತಿನ ಮಾತುಕತೆಗೆ ಇದು ಒಳ್ಳೆಯ ವಿಷಯ.