ಏರಿನಲ್ಲಿ ತಡಮಾಡುವ ಆಕ್ಸಿಲರೇಟರ್

ಹಳೆಯ ಜೀಪನ್ನು ಮಾರಿ ಹೊಸ ಡೀಸೆಲ್ ಗಾಡಿ ಕೊಂಡ ಸದಸ್ಯರಲ್ಲಿ ಅನೇಕರು ಸಂಘದ ಕಚೇರಿಗೆ ಬಂದಾಗ ಹೇಳುವ ದೂರು ಒಂದೇ: "ತುಳಿದ ಕೂಡಲೇ ಎಳೆಯುವುದಿಲ್ಲ. ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಹಾರುತ್ತದೆ." ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿರುವ ನನ್ನ ನೆಂಟರೊಬ್ಬರ ಬಳಿ ಇಂಥದೇ ಗಾಡಿಯಿದೆ. ಸಿರುಗುಪ್ಪದ ಕಡೆಯ ಸಮತಟ್ಟು ರಸ್ತೆಯಲ್ಲಿ ಓಡಿಸುವ ಅವರಿಗೆ ಈ ದೂರೇ ಅರ್ಥವಾಗಲಿಲ್ಲ. ಆದರೆ ಮಳೆಗಾಲದಲ್ಲಿ ಬೋರ್ಡೋ ದ್ರಾವಣದ ಡ್ರಮ್ಮು ಹೇರಿಕೊಂಡು ಅಡಿಕೆ ತೋಟದ ದಾರಿಯಲ್ಲಿ ಏರುವಾಗ ಗಾಡಿ ತಿರುವಿನಲ್ಲಿ ತಡೆದರೆ ಹಿಂದಕ್ಕೆ ಜಾರುತ್ತದೆ. ಒಮ್ಮೆಲೇ ಹಾರಿದರೆ ಚಕ್ರ ಕೆಸರಿನಲ್ಲಿ ಸುತ್ತಿ ಹೂತುಕೊಳ್ಳುತ್ತದೆ. ಹಿಂದೆ ಆಳುಗಳು ಕುಳಿತಿದ್ದರಂತೂ ಹೇಳುವುದೇ ಬೇಡ.

ಹಳೆಯ ಜೀಪಿನಲ್ಲಿ ಕಾಲಿಗೂ ಎಂಜಿನ್ನಿಗೂ ನೇರ ಸಂಬಂಧವಿತ್ತು. 1980ರ ದಶಕದಲ್ಲಿ ಮಹೀಂದ್ರದವರು ಹಾಕುತ್ತಿದ್ದ ಪ್ಯೂಜೊ ಡೀಸೆಲ್ ಎಂಜಿನ್ನನ್ನೇ ನೋಡಿ. ಪೆಡಲ್ ತುಳಿದರೆ ಡೀಸೆಲ್ ಪಂಪಿನ ಲಿವರ್ ತಿರುಗಿ ಹೆಚ್ಚು ಎಣ್ಣೆ ಹೋಗುತ್ತಿತ್ತು. ಟರ್ಬೊ ಇರಲಿಲ್ಲ. ಶಕ್ತಿ ಕಡಿಮೆ, ಹೊಗೆ ಹೆಚ್ಚು. ಆದರೆ ಉತ್ತರ ಮಾತ್ರ ಆ ಕ್ಷಣವೇ.

ಹೊಸ ಗಾಡಿಯಲ್ಲಿ ಪೆಡಲಿನ ಬುಡದಲ್ಲಿರುವುದು ಎರಡು ಸೆನ್ಸರ್‌ಗಳು. ಎಷ್ಟು ತುಳಿದಿರಿ ಎಂಬುದನ್ನು ಅವು ಕಂಪ್ಯೂಟರಿಗೆ ತಿಳಿಸುತ್ತವೆ. ನಮ್ಮ ತುಳಿತ ಈಗ ಬರೀ ಒಂದು ಅರ್ಜಿ. ಎಂಜಿನ್ನಿಗೆ ಎಷ್ಟು ಗಾಳಿ ಬರುತ್ತಿದೆ ಎಂದು ನೋಡಿ, ಕಪ್ಪು ಹೊಗೆ ಬಾರದಷ್ಟೇ ಡೀಸೆಲನ್ನು ಕಂಪ್ಯೂಟರು ಮಂಜೂರು ಮಾಡುತ್ತದೆ. ಗಾಳಿ ಒದಗಿಸಬೇಕಾದ ಟರ್ಬೊ ತಿರುಗುವುದು ಹೊರಹೋಗುವ ಹೊಗೆಯ ರಭಸದಿಂದ. ಎಂಜಿನ್ ನಿಧಾನವಾಗಿದ್ದರೆ ಅದಕ್ಕೆ ಕಸುವಿಲ್ಲ. 2017ರ ಏಪ್ರಿಲ್‌ನಲ್ಲಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ದೇಶಕ್ಕೆಲ್ಲ ಬಂದ ಮೇಲೆ ಈ ಮಂಜೂರಾತಿ ಇನ್ನೂ ಬಿಗಿಯಾಗಿದೆ.

ಆದುದರಿಂದ ಏರಿನಲ್ಲಿ ಎಂಜಿನ್ನಿನ ಓಟ ಇಳಿಯಗೊಡಬಾರದು. ಫೋರ್ ವೀಲ್ 'ಲೋ' ಇರುವ ಗಾಡಿಯಾದರೆ ಏರಿನ ಬುಡದಲ್ಲೇ ನಿಲ್ಲಿಸಿ ಹಾಕಿಕೊಳ್ಳಿ. ಥಾರ್‌ನಂಥ ಗಾಡಿಯಲ್ಲಿ ಆಗ ಅದೇ ವೇಗಕ್ಕೆ ಎಂಜಿನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಸುತ್ತುತ್ತದೆ, ಟರ್ಬೊ ಎಚ್ಚರವಾಗಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಹೂತ ಮೇಲೆ ಹಾಕುವ ಗೇರು ಎಂದೇ ತಿಳಿದಿದ್ದಾರೆ.

ಪೆಡಲಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸುವ ಒಂದು ಪೆಟ್ಟಿಗೆಯನ್ನು ಪೇಟೆಯಲ್ಲಿ ಮಾರುತ್ತಾರೆ. ಅರ್ಧ ತುಳಿದದ್ದನ್ನು ಪೂರ್ತಿ ತುಳಿದಂತೆ ತಿಳಿಸುವುದಷ್ಟೇ ಅದರ ಕೆಲಸ. ಶಕ್ತಿ ಹೆಚ್ಚುವುದಿಲ್ಲ, ಟರ್ಬೊ ಬೇಗ ಏಳುವುದೂ ಇಲ್ಲ. ಗುಂಡಿ ದಾರಿಯಲ್ಲಿ ಕಾಲು ಅಲುಗಿದಂತೆಲ್ಲ ಗಾಡಿ ಎಗರುತ್ತದೆ. ಒರಟು ನೆಲಕ್ಕೆಂದೇ ಹೆಸರಾದ ಲ್ಯಾಂಡ್ ರೋವರ್‌ನಲ್ಲಿ ಬಂಡೆ ಹತ್ತುವ ಕ್ರಮವನ್ನು ಆರಿಸಿದರೆ ಕಂಪ್ಯೂಟರೇ ಪೆಡಲನ್ನು ಇನ್ನಷ್ಟು ಮೃದುಗೊಳಿಸುತ್ತದೆ. ನಾವು ಹಣ ಕೊಟ್ಟು ಅದಕ್ಕೆ ತದ್ವಿರುದ್ಧವಾದುದನ್ನು ಮಾಡಿಸಿಕೊಳ್ಳಬೇಕೆ?

ಮೊದಲು ಚೆನ್ನಾಗಿದ್ದು ಈಚೆಗೆ ಮಂಕಾದ ಗಾಡಿಯ ಮಾತು ಬೇರೆ. ಕಾಫಿ ಕೊಯ್ಲಿನ ಕಾಲದಲ್ಲಿ ಏರ್ ಫಿಲ್ಟರ್ ಧೂಳು ಕಟ್ಟುತ್ತದೆ. ಟರ್ಬೊದಿಂದ ಬರುವ ರಬ್ಬರ್ ಪೈಪು ಸೀಳಿದ್ದರೆ ಸಿಳ್ಳೆಯಂಥ ಸದ್ದು ಕೇಳಬಹುದು. ಡೀಸೆಲ್ ಫಿಲ್ಟರಿನಲ್ಲಿ ನೀರು ನಿಂತಿರಬಹುದು. ಶೆಡ್ಡಿನಲ್ಲಿ ಇಲಿ ವೈರು ಕಡಿದು (ನಮ್ಮ ಕಡೆ ಇದು ಅಪರೂಪವಲ್ಲ) ಎರಡು ಸೆನ್ಸರ್‌ಗಳ ಲೆಕ್ಕ ತಾಳೆಯಾಗದಿದ್ದರೆ, ಕಂಪ್ಯೂಟರು ದೀಪ ಉರಿಸಿ ಶಕ್ತಿಯನ್ನೇ ಕಡಿತ ಮಾಡುತ್ತದೆ. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರೂ ಇದೆ. ತೋಟದೊಳಗೆ ಮೆಲ್ಲಗೆ ಓಡಾಡುತ್ತಿದ್ದರೆ ಅದು ಮಸಿ ಸುಡುವಷ್ಟು ಕಾಯುವುದಿಲ್ಲ; ಕಟ್ಟಿಕೊಂಡರೆ ಗಾಡಿ ಎಳೆಯದು. ಕ್ಯೂರಿಂಗ್ ವರ್ಕ್ಸ್‌ಗೋ ಪೇಟೆಗೋ ಹೋಗುವಾಗ ಡಾಂಬರು ರಸ್ತೆಯಲ್ಲಿ ಒಂದಷ್ಟು ಹೊತ್ತು ಒಂದೇ ಹದದ ವೇಗದಲ್ಲಿ ಓಡಿಸಬೇಕು. ಯಾವ ಬಿಡಿಭಾಗವನ್ನು ಬದಲಿಸುವ ಮೊದಲೂ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಕೋಡ್ ಓದಲಿ, ಆ ಕೋಡನ್ನು ನೀವೂ ಬರೆದಿಟ್ಟುಕೊಳ್ಳಿ.

ಡ್ರೈವರುಗಳಿಗೆ ಇನ್ನೊಂದು ಮಾತು ತಿಳಿಸಬೇಕು. ಏರಿನಲ್ಲಿ ನಿಂತ ಜೀಪನ್ನು ಒಂದೇ ಪಾದದಲ್ಲಿ ಬ್ರೇಕನ್ನೂ ಆಕ್ಸಿಲರೇಟರನ್ನೂ ಒತ್ತಿ ಎತ್ತುವುದು ಹಳಬರ ಕೈಚಳಕ. ಹೊಸ ಗಾಡಿಗಳಲ್ಲಿ ಅನೇಕವು ಎರಡನ್ನೂ ಒಟ್ಟಿಗೆ ಒತ್ತಿದರೆ ಬ್ರೇಕಿನ ಮಾತನ್ನೇ ಕೇಳಿ ಡೀಸೆಲ್ ತಗ್ಗಿಸುತ್ತವೆ. ಅಂಥಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಕ್ಲಚ್ ಹಿಡಿದ ಮೇಲೆ ಬಿಡುವುದೇ ಸರಿ. ಖಾಲಿ ಗಾಡಿಯಲ್ಲಿ, ಒಣ ದಾರಿಯಲ್ಲಿ ಒಂದೆರಡು ದಿನ ಇದನ್ನು ಅಭ್ಯಾಸ ಮಾಡಿಸಿ, ಆಮೇಲೆ ಲೋಡು ಹೇರಿ.