ಡಿಪ್ ಹಾಕಿದರೂ ಕಣ್ಣು ಕುಕ್ಕುವ ಲೈಟು

ಕೋಲಾರದ ಮಂಡಿಯಲ್ಲಿ ಟೊಮೆಟೊ ಕ್ರೇಟುಗಳನ್ನು ತುಂಬಿಸಿಕೊಂಡು ರಾತ್ರೋರಾತ್ರಿ ಹೊರಡುವ ಪಿಕಪ್ ಗಾಡಿಗಳ ಚಾಲಕರನ್ನು ಮಾತಿಗೆಳೆದರೆ ಲೈಟಿನ ವಿಷಯ ಬಂದೇ ಬರುತ್ತದೆ. ‘ಕಂಪನಿ ಲೈಟು ಸಾಲಲ್ಲ ಸಾರ್’ ಎನ್ನುತ್ತಾರೆ. ಈ ದೂರಿನಲ್ಲಿ ಹುರುಳಿದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರಿಗೇನೋ ಇದೆ ಎಂದು ಗೊತ್ತಾಗಿ ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡು ಹಿಡಿದರೂ ಅಷ್ಟರಲ್ಲೇ 33 ಮೀಟರ್ ಮುಗಿದಿರುತ್ತದೆ. ಒಣ ರಸ್ತೆಯಲ್ಲಿ ಪೂರ್ತಿ ನಿಲ್ಲಲು ಇನ್ನೂ 40 ಮೀಟರ್ ಬೇಕು, ಲೋಡ್ ಇದ್ದರೆ ಅದಕ್ಕಿಂತ ಹೆಚ್ಚು. ರಿಫ್ಲೆಕ್ಟರ್ ಇಲ್ಲದೆ ರಸ್ತೆ ಬದಿ ನಿಂತ ಟ್ರ್ಯಾಕ್ಟರ್ ಟ್ರೈಲರೊಂದು ಡಿಪ್ ಬೆಳಕಿನಲ್ಲಿ ಅಷ್ಟು ದೂರದಿಂದ ಕಾಣುವುದು ಕಷ್ಟ.

ಹಾಗಾಗಿ ಚಾಲಕ ಅಂಗಡಿಗೆ ಹೋಗುತ್ತಾನೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಬಿಡಿಭಾಗದ ಅಂಗಡಿಯವರೆಗೆ ಎಲ್ಲೆಡೆ ಎಲ್‌ಇಡಿ ಬಲ್ಬುಗಳು ತೂಗುತ್ತಿರುತ್ತವೆ. ಹಳೆಯ ಬಲ್ಬು ತೆಗೆದು ಹೊಸದನ್ನು ಸಿಕ್ಕಿಸಲು ಹತ್ತು ನಿಮಿಷ ಸಾಕು. ಗೋಡೆಗೆ ಬಿದ್ದ ಬೆಳ್ಳನೆ ಬೆಳಕು ನೋಡಿ ಚಾಲಕನಿಗೆ ಸಮಾಧಾನವೂ ಆಗುತ್ತದೆ. ತೊಂದರೆ ಇರುವುದು ಆ ಬೆಳಕು ಎಲ್ಲಿಗೆ ಹೋಗುತ್ತಿದೆ ಎಂಬುದರಲ್ಲಿ.

ಅದು ಅರ್ಥವಾಗಬೇಕಾದರೆ ಬಿಚ್ಚಿಟ್ಟ ಹಳೆಯ ಹ್ಯಾಲೊಜೆನ್ ಬಲ್ಬನ್ನೇ ಕೈಗೆತ್ತಿಕೊಳ್ಳಬೇಕು. ಗಾಜನ್ನು ಮುಟ್ಟದೆ ಹಿಂದಿನ ಲೋಹದ ಭಾಗವನ್ನು ಹಿಡಿಯಿರಿ. ಬೆರಳಿನ ಜಿಡ್ಡು ಅಂಟಿದರೆ ಉರಿಯುವಾಗ ಆ ಜಾಗ ಮಿತಿಮೀರಿ ಕಾದು ಗಾಜು ಕೆಡುತ್ತದೆ. ನಮ್ಮ ಹಲವು ಪಿಕಪ್‌ಗಳಲ್ಲಿರುವ ಈ ಬಲ್ಬಿನ ಹೆಸರು ಎಚ್4. 1970ರ ದಶಕದ ಆರಂಭದಲ್ಲಿ ಬಂದ ವಿನ್ಯಾಸ ಇಂದಿಗೂ ಓಡುತ್ತಿದೆ. 60 ವ್ಯಾಟಿನದೊಂದು, 55 ವ್ಯಾಟಿನದೊಂದು, ಹೀಗೆ ಎರಡು ಫಿಲಮೆಂಟು. ಒಂದೊಂದೂ ಸುಮಾರು ಐದು ಮಿಲಿಮೀಟರ್ ಉದ್ದದ ಸುರುಳಿ. ಒಳಗಿರುವ ಹ್ಯಾಲೊಜೆನ್ ಅನಿಲ, ಕಾದು ಆವಿಯಾದ ಟಂಗ್‌ಸ್ಟನ್ ಪರಮಾಣುಗಳನ್ನು ಹಿಡಿದು ಮರಳಿ ಫಿಲಮೆಂಟಿನ ಬಳಿಗೇ ತಂದುಬಿಡುತ್ತದೆ. ಆದ್ದರಿಂದಲೇ ಗಾಜು ಹಳೆಯ ಬಲ್ಬುಗಳ ಹಾಗೆ ಕಪ್ಪಾಗುವುದಿಲ್ಲ.

ಮುಂದಿನ ಫಿಲಮೆಂಟನ್ನು ಹತ್ತಿರದಿಂದ ನೋಡಿದರೆ ಅದರ ಕೆಳಗೆ ಪುಟ್ಟ ಲೋಹದ ದೊನ್ನೆಯೊಂದು ಕಾಣುತ್ತದೆ. ಡಿಪ್ ಬೆಳಕಿನ ಗುಟ್ಟೆಲ್ಲ ಅದರಲ್ಲಿದೆ. ಹೈ ಬೀಮ್ ಫಿಲಮೆಂಟು ಬಲ್ಬಿನ ಹಿಂದಿನ ಬಾಗಿದ ಕನ್ನಡಿಯ, ಎಂದರೆ ಪ್ರತಿಫಲಕದ, ನಾಭಿಯಲ್ಲಿ ಕೂತಿರುತ್ತದೆ, ಅದರ ಬೆಳಕು ನೇರ ದೂರಕ್ಕೆ ಹೋಗುತ್ತದೆ. ಡಿಪ್ ಫಿಲಮೆಂಟನ್ನು ಬೇಕೆಂದೇ ನಾಭಿಗಿಂತ ತುಸು ಮುಂದಕ್ಕೆ ಇಟ್ಟಿದ್ದಾರೆ. ಹೀಗಿಟ್ಟಾಗ ಪ್ರತಿಫಲಕದ ಮೇಲರ್ಧಕ್ಕೆ ತಗುಲಿದ ಬೆಳಕು ಕೆಳಕ್ಕೆ ಬಾಗಿ ರಸ್ತೆಗೆ ಬೀಳುತ್ತದೆ, ಕೆಳಗಿನ ಅರ್ಧಕ್ಕೆ ತಗುಲಿದ್ದು ಮೇಲಕ್ಕೆ ಎದ್ದು ಎದುರಿನವರ ಕಣ್ಣಿಗೆ ನುಗ್ಗುತ್ತದೆ. ಆ ಕೆಳಗಿನ ಅರ್ಧಕ್ಕೆ ಬೆಳಕೇ ತಲುಪದಂತೆ ದೊನ್ನೆ ಅಡ್ಡ ನಿಲ್ಲುತ್ತದೆ. ದೊನ್ನೆಯ ಒಂದು ಅಂಚನ್ನು 15 ಡಿಗ್ರಿಯಷ್ಟು ತಗ್ಗಿಸಿರುತ್ತಾರೆ. ಅಲ್ಲಿಂದ ಜಾರಿದ ಬೆಳಕು ನಮ್ಮಂತೆ ಎಡಗಡೆ ಓಡಿಸುವ ದೇಶಗಳಲ್ಲಿ ರಸ್ತೆಯ ಎಡ ಅಂಚನ್ನು ತುಸು ಮೇಲಕ್ಕೆ, ತುಸು ದೂರಕ್ಕೆ ಬೆಳಗುತ್ತದೆ. ಪಾದಚಾರಿ, ಸೈಕಲ್ಲು, ನಿಂತ ಗಾಡಿ ಇರುವುದು ಆ ಕಡೆಗೇ ತಾನೆ. ಇಷ್ಟು ಸಣ್ಣ ತಗಡಿನ ತುಂಡಿನಲ್ಲಿ ಇಷ್ಟು ವಿವೇಕ ಅಡಗಿರುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಪ್ರತಿಫಲಕದ ಲೆಕ್ಕವೆಲ್ಲ ಈ ಸುರುಳಿಯ ಜಾಗ ಮತ್ತು ಗಾತ್ರದ ಮೇಲೆ ನಿಂತಿದೆ. ಅರ್ಧ ಮಿಲಿಮೀಟರ್ ಆಚೀಚೆಯಾದರೂ ರಸ್ತೆಯ ಮೇಲಿನ ಬೆಳಕಿನ ನಕ್ಷೆ ಬದಲಾಗುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಸುರುಳಿ ಇಲ್ಲ. ಲೋಹದ ಪಟ್ಟಿಯೊಂದರ ಎರಡು ಮಗ್ಗುಲಿಗೆ ಅಂಟಿಸಿದ ಚಪ್ಪಟೆ ಚಿಪ್ಪುಗಳಿವೆ, ನಡುವೆ ಪಟ್ಟಿಯ ದಪ್ಪ. ಫಿಲಮೆಂಟು ಸುತ್ತಲೂ ಬೆಳಕು ಚೆಲ್ಲಿದರೆ ಚಿಪ್ಪು ತನ್ನ ಮುಖ ಇರುವ ಕಡೆಗೆ ಮಾತ್ರ ಚೆಲ್ಲುತ್ತದೆ. ಹಾಗಾಗಿ ರಸ್ತೆಯ ಮೇಲೆ ಅಲ್ಲಲ್ಲಿ ಕತ್ತಲ ಮಚ್ಚೆಗಳು ಬೀಳುತ್ತವೆ, ಹೋಗಬಾರದ ಮೇಲಿನ ಭಾಗಕ್ಕೆ ಬೆಳಕು ಸೋರುತ್ತದೆ. ಚಿಪ್ಪುಗಳನ್ನು ಬಲು ತೆಳುವಾಗಿ, ಫಿಲಮೆಂಟಿನ ಜಾಗಕ್ಕೇ ಕೂರುವಂತೆ ಮಾಡಿದ ಒಳ್ಳೆಯ ಬಲ್ಬುಗಳೂ ಇವೆ. ಜರ್ಮನಿ 2020ರಲ್ಲಿ ಅಂಥ ಬಲ್ಬಿಗೆ ಮೊದಲ ಬಾರಿ ರಸ್ತೆಯ ಪರವಾನಗಿ ಕೊಟ್ಟಿತು. ಅದೂ ಎಲ್ಲ ಗಾಡಿಗಳಿಗಲ್ಲ, ಇಂಥ ಮಾಡೆಲಿನ ಇಂಥ ಹೆಡ್‌ಲೈಟಿಗೆ ಎಂದು ಪರೀಕ್ಷಿಸಿ ಪಟ್ಟಿ ಮಾಡಿ ಕೊಟ್ಟದ್ದು. ಬಲ್ಬು ಮತ್ತು ಪ್ರತಿಫಲಕದ ಜೋಡಿ ಎಷ್ಟು ನಾಜೂಕು ಎಂಬುದಕ್ಕೆ ಇಷ್ಟು ಸಾಕು.

ಡಬ್ಬದ ಮೇಲಿನ ಅಂಕಿಗಳನ್ನಂತೂ ನಂಬಲೇಬೇಡಿ. ಒಂದು ಬಲ್ಬಿಗೆ 200 ವ್ಯಾಟ್ ಎಂದು ಬರೆದಿರುತ್ತದೆ. ಎರಡು ಬಲ್ಬಿಗೆ 400 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ 33 ಆಂಪಿಯರ್. ಅಷ್ಟು ಕರೆಂಟು ನಿಜವಾಗಿ ಹರಿದರೆ ಹೆಡ್‌ಲೈಟಿನ ಫ್ಯೂಸ್ ಉಳಿಯುವುದಿಲ್ಲ. ಫ್ಯೂಸ್ ಹೋಗಿಲ್ಲ ಎಂದರೆ ಡಬ್ಬದ ಮಾತು ಸುಳ್ಳು ಎಂದೇ ಅರ್ಥ.

ಎಲ್‌ಇಡಿಗೆ ಶಾಖದ ಕಾಟವೂ ಇದೆ. ಹ್ಯಾಲೊಜೆನ್ ತನ್ನ ಶಾಖವನ್ನು ಬಹುಪಾಲು ಬೆಳಕಿನ ಜೊತೆಗೇ ಮುಂದಕ್ಕೆ ಕಳಿಸುತ್ತದೆ. ಎಲ್‌ಇಡಿಯಲ್ಲಿ ಶಾಖ ಚಿಪ್ಪಿನ ಬೆನ್ನಿಗೇ ಉಳಿದುಬಿಡುತ್ತದೆ. ಅದಕ್ಕಾಗಿ ಹಿಂದೆ ಅಲ್ಯೂಮಿನಿಯಂ ರೆಕ್ಕೆಗಳು, ಪುಟಾಣಿ ಫ್ಯಾನು. ಈ ಫ್ಯಾನಿನಿಂದಾಗಿ ಹೆಡ್‌ಲೈಟಿನ ಹಿಂದಿನ ರಬ್ಬರ್ ಬೂಟು ಕೂರುವುದಿಲ್ಲ. ಬಲವಂತವಾಗಿ ಮುಚ್ಚಿದರೆ ಗಾಳಿಯಾಡದೆ ಚಿಪ್ಪು ಕಾದು ಬೆಳಕು ಕುಗ್ಗುತ್ತದೆ. ತೆರೆದು ಬಿಟ್ಟರೆ ಹಳ್ಳಿ ರಸ್ತೆಯ ದೂಳು, ಮಳೆಗಾಲದ ನೀರು ನೇರ ಪ್ರತಿಫಲಕಕ್ಕೆ. ಪ್ರತಿಫಲಕದ ಹೊಳಪು ಎಂದರೆ ಪ್ಲಾಸ್ಟಿಕ್ಕಿನ ಮೇಲೆ ಆವಿಯಾಗಿಸಿ ಕೂರಿಸಿದ ಅಲ್ಯೂಮಿನಿಯಂನ ತೆಳು ಪದರ. ಬಟ್ಟೆಯಿಂದ ಉಜ್ಜಿದರೂ ಅದು ಎದ್ದುಬರುತ್ತದೆ.

ಮೇಲಕ್ಕೆ ಸೋರಿದ ಬೆಳಕು ಎದುರು ಬರುವವನಿಗೆ ಏನು ಮಾಡುತ್ತದೆ? ಕಣ್ಣಿನ ಮಸೂರ ನೂರಕ್ಕೆ ನೂರು ತಿಳಿಯಾಗಿರುವುದಿಲ್ಲ. ಪ್ರಖರ ಬೆಳಕು ಒಳಹೊಕ್ಕಾಗ ಅಲ್ಲೇ ಚೆದುರಿ ಇಡೀ ಅಕ್ಷಿಪಟದ ಮೇಲೆ ಬೆಳಕಿನ ತೆರೆಯೊಂದನ್ನು ಎಳೆಯುತ್ತದೆ. ಆ ತೆರೆಯ ಹಿಂದೆ ಕಪ್ಪು ರಸ್ತೆಯೂ ಕಪ್ಪು ಬಟ್ಟೆಯ ಮನುಷ್ಯನೂ ಒಂದೇ ಆಗಿಬಿಡುತ್ತಾರೆ. ದೀಪಕ್ಕೂ ನೋಟದ ದಿಕ್ಕಿಗೂ ನಡುವಿನ ಕೋನ ಅರ್ಧವಾದರೆ ತೆರೆ ನಾಲ್ಕು ಪಟ್ಟು ದಟ್ಟವಾಗುತ್ತದೆ. ನಡುವೆ ಡಿವೈಡರ್ ಇಲ್ಲದ ನಮ್ಮ ದ್ವಿಪಥ ರಸ್ತೆಗಳಲ್ಲಿ ಈ ಕೋನ ತೀರಾ ಕಿರಿದು. ವಯಸ್ಸಾದಂತೆ ಮಸೂರದ ಮಬ್ಬು ಹೆಚ್ಚುವುದರಿಂದ 60 ದಾಟಿದವರಿಗೆ ಈ ಹಿಂಸೆ ಇನ್ನೂ ಜಾಸ್ತಿ, ಚೇತರಿಸಿಕೊಳ್ಳಲೂ ಹೆಚ್ಚು ಹೊತ್ತು ಬೇಕು. ನೀಲಿ ಅಂಶ ಹೆಚ್ಚಿರುವ ಬೆಳಕು ಅಷ್ಟೇ ಪ್ರಖರತೆಯ ಹಳದಿ ಬೆಳಕಿಗಿಂತ ಕಣ್ಣಿಗೆ ಹೆಚ್ಚು ಕಿರಿಕಿರಿ ಎನಿಸುತ್ತದೆ. ಬಿಳಿ ಎಲ್‌ಇಡಿ ಹುಟ್ಟುವುದೇ ನೀಲಿ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಬಳಿದು. 6,000 ಕೆಲ್ವಿನ್ ಎಂದು ಬರೆದ ಬಲ್ಬಿನಲ್ಲಿ ಆ ನೀಲಿ ಧಾರಾಳವಾಗಿರುತ್ತದೆ.

ಹಾಕಿಸಿಕೊಂಡವನಿಗಾದರೂ ಲಾಭವೇ ಎಂದರೆ ಅದೂ ಪೂರ್ತಿಯಲ್ಲ. ಬಂಪರಿನ ಮುಂದಿನ ಹತ್ತಿಪ್ಪತ್ತು ಮೀಟರು ಹಾಲು ಚೆಲ್ಲಿದಂತೆ ಬೆಳಗಿದಾಗ ಕಣ್ಣು ಆ ಬೆಳಕಿಗೇ ಹೊಂದಿಕೊಳ್ಳುತ್ತದೆ, ದೂರದ ಮಬ್ಬು ವಸ್ತುಗಳು ಇನ್ನಷ್ಟು ಮಬ್ಬಾಗುತ್ತವೆ. ತುಂಬ ಕಾಣುತ್ತಿದೆ ಎಂದು ಮನಸ್ಸು ನಂಬಿರುತ್ತದೆ, ಕಾಣಬೇಕಾದ ದೂರ ಮಾತ್ರ ಬೆಳೆದಿರುವುದಿಲ್ಲ.

‘ಮಳೇಲಿ ಎಲ್‌ಇಡಿ ಹೊಡೆಯಲ್ಲ’ ಎಂದು ಚಾಲಕರು ಹೇಳುವುದಕ್ಕೂ ಕಾರಣವಿದೆ. ಒದ್ದೆ ರಸ್ತೆ ಕನ್ನಡಿಯಾಗುತ್ತದೆ. ಬಿದ್ದ ಬೆಳಕು ನಮ್ಮ ಕಡೆಗೆ ಮರಳುವ ಬದಲು ಜಾರಿ ಎದುರಿನವನ ಕಣ್ಣಿಗೆ ಹೋಗುತ್ತದೆ. ಇದು ಯಾವ ದೀಪಕ್ಕಾದರೂ ತಪ್ಪಿದ್ದಲ್ಲ, ಆದರೆ ಅಂಕೆ ತಪ್ಪಿ ಚೆಲ್ಲುವ ಬೆಳಕಿನಲ್ಲಿ ಹನಿಗಳಿಗೆ ತಾಗಿ ಕಣ್ಣಿಗೆ ಮರಳುವ ಹೊಳಪೂ ಸೇರಿಕೊಳ್ಳುತ್ತದೆ. ಚಾರ್ಮಾಡಿ, ಆಗುಂಬೆಯ ಮಂಜಿಗೆ ಹಳದಿ ದೀಪವೇ ಮದ್ದು ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಎಷ್ಟೋ ದೊಡ್ಡವು, ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚೆದುರಿಸುತ್ತವೆ. ಫ್ರಾನ್ಸ್ 1990ರ ದಶಕದ ಆರಂಭದವರೆಗೂ ಹಳದಿ ಹೆಡ್‌ಲೈಟನ್ನೇ ಕಡ್ಡಾಯ ಮಾಡಿತ್ತು, ಆಮೇಲೆ ಕೈಬಿಟ್ಟಿತು. ಹಳದಿಯಿಂದ ಕಣ್ಣಿಗೆ ಹಿತವಿದೆ, ನಿಜ. ಮಂಜಿನಲ್ಲಿ ಕೆಲಸಕ್ಕೆ ಬರುವುದು ದೀಪ ತಗ್ಗಿನಲ್ಲಿರುವುದು ಮತ್ತು ಬೆಳಕಿನ ಮೇಲಂಚು ಕತ್ತರಿಸಿದಂತಿರುವುದು.

ಹಾಗಾದರೆ ಬೆಳಕು ಹೆಚ್ಚಿಸುವ ದಾರಿ ಇಲ್ಲವೇ? ಇದೆ, ಅದು ವೈರಿಂಗಿನಿಂದ ಶುರುವಾಗಬೇಕು. ಎಂಜಿನ್ ಓಡುತ್ತಿರುವಾಗ, ಹೆಡ್‌ಲೈಟ್ ಹಾಕಿ ಮೊದಲು ಬ್ಯಾಟರಿ ತುದಿಗಳಲ್ಲಿ, ಆಮೇಲೆ ಬಲ್ಬಿನ ಹೋಲ್ಡರಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದ್ದು ಹೋಲ್ಡರಿನಲ್ಲಿ 12.4 ಬಂದರೆ ಹತ್ತರಲ್ಲೊಂದು ಪಾಲು ದಾರಿಯಲ್ಲೇ ಸೋರಿತು ಎಂದಾಯಿತು. ಸೋರಿದ್ದು ಹತ್ತರಲ್ಲೊಂದು ಪಾಲಾದರೂ ಬೆಳಕಿನ ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಫಿಲಮೆಂಟಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ಲೆಕ್ಕ ಹಾಕಿದರೆ ಬೆಳಕಿನಲ್ಲಿ ಕಡಿಮೆಯಾದದ್ದು ಶೇ 30. ತುಕ್ಕು ಹಿಡಿದ ಅರ್ಥಿಂಗ್, ಸಡಿಲ ಹೋಲ್ಡರು, ಸಣ್ಣ ವೈರು, ಸವೆದ ಸ್ವಿಚ್ಚು ಸೇರಿ ಈ ಬೆಳಕನ್ನು ತಿಂದಿರುತ್ತವೆ. ಅರ್ಥಿಂಗ್ ಉಜ್ಜಿ ಬಿಗಿಮಾಡಿ. ಗಾಡಿಯಲ್ಲಿ ಹೆಡ್‌ಲೈಟ್ ರಿಲೇ ಇಲ್ಲದಿದ್ದರೆ ಒಳ್ಳೆಯ ಆಟೊ ಎಲೆಕ್ಟ್ರಿಷಿಯನ್ ಬಳಿ ಫ್ಯೂಸ್ ಸಹಿತ ರಿಲೇ ವೈರಿಂಗ್ ಕೂರಿಸಿ. ಆಗ ಸ್ವಿಚ್ಚು ರಿಲೇಯ ಸುರುಳಿಗೆ ಬೇಕಾದ ಅಲ್ಪ ಕರೆಂಟನ್ನಷ್ಟೇ ಹೊರುತ್ತದೆ, ಬಲ್ಬಿನ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರ ಬರುತ್ತದೆ. ಅದೇ 60/55 ಬಲ್ಬು ಹೊಸದರಂತೆ ಉರಿಯುತ್ತದೆ, ಬೆಳಕಿನ ನಕ್ಷೆ ಕದಲುವುದಿಲ್ಲ.

ಇದರ ಬದಲು 100/90 ವ್ಯಾಟಿನ ಬಲ್ಬು ಹಾಕುವವರಿದ್ದಾರೆ. 60ರಿಂದ 100ಕ್ಕೆ ಹೋದರೆ ಕರೆಂಟು ಒಂದೂ ಮುಕ್ಕಾಲು ಪಟ್ಟಿನ ಹತ್ತಿರ, ವೈರಿನಲ್ಲಿ ಹುಟ್ಟುವ ಶಾಖ ಅದರ ವರ್ಗದಂತೆ ಸುಮಾರು 2.8 ಪಟ್ಟು. ಹೋಲ್ಡರ್ ಕರಗುವುದು, ಪ್ರತಿಫಲಕ ಕಂದುವುದು ಇದರಿಂದಲೇ.

ಆಮೇಲೆ ಮುಂದಿನ ಕವಚ. ಅದು ಗಾಜಿನದಾದರೆ ತೊಳೆದರೆ ಸಾಕು. ಪಾಲಿಕಾರ್ಬೊನೇಟಿನದಾದರೆ ವರ್ಷಗಳ ಬಿಸಿಲಿನ ಅತಿನೇರಳೆ ಕಿರಣಕ್ಕೆ ಮೇಲಿನ ರಕ್ಷಾ ಪದರ ಸತ್ತು ಹಳದಿಗಟ್ಟಿರುತ್ತದೆ. ಒರಟಿನಿಂದ ನಯಕ್ಕೆ ವಾಟರ್ ಪೇಪರ್ ಹಿಡಿದು ಉಜ್ಜಿ, ಪಾಲಿಶ್ ಮಾಡಿ, ಅತಿನೇರಳೆ ತಡೆಯುವ ಲೇಪ ಕೊಡಬೇಕು. ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಮಬ್ಬು.

ಇಷ್ಟಾದ ಮೇಲೂ ಎಲ್‌ಇಡಿಯೇ ಬೇಕೆನ್ನುವವರು ಬಲ್ಬು ಬದಲಿಸುವುದಕ್ಕಿಂತ ಆ ಮಾಡೆಲಿಗೆಂದೇ ಕಂಪನಿ ಪ್ರಮಾಣೀಕರಿಸಿದ ಪೂರ್ತಿ ಹೆಡ್‌ಲೈಟ್ ಜೋಡಣೆ ಸಿಗುತ್ತದೆಯೇ ವಿಚಾರಿಸುವುದು ಲೇಸು. ಪ್ರೊಜೆಕ್ಟರ್ ದೀಪದಲ್ಲಿ ಮಸೂರದ ಹಿಂದೆ ತಗಡಿನ ಅಡ್ಡಪಟ್ಟಿಯಿರುತ್ತದೆ, ಅದರ ಅಂಚೇ ರಸ್ತೆಯ ಮೇಲೆ ಬೆಳಕು ಕತ್ತಲೆಗಳ ಗಡಿಯಾಗಿ ಮೂಡುತ್ತದೆ. ಅಲ್ಲಿ ಚಿಪ್ಪು, ಪ್ರತಿಫಲಕ, ಮಸೂರ ಒಂದಕ್ಕೊಂದು ಹೊಂದುವಂತೆ ಹುಟ್ಟಿದವು. ಕಾನೂನೂ ಇದರ ಕಡೆಗಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಡಿಪ್ ಬೆಳಕು ಕೋರೈಸಕೂಡದು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕತೊಡಗಿದ್ದಾರೆ. ಒಳ್ಳೆಯ ಕೆಲಸ, ನಿಲ್ಲಬಾರದು.

ಪಿಕಪ್‌ಗೆ ಮಾತ್ರ ವಿಶೇಷವಾದ ಒಂದು ಸಂಗತಿಯಿದೆ. ಅದು ಬಲ್ಬಿಗೆ ಸಂಬಂಧಿಸಿದ್ದಲ್ಲ, ಹಿಂದಿನ ಸ್ಪ್ರಿಂಗ್ ಪ್ಲೇಟುಗಳಿಗೆ ಸಂಬಂಧಿಸಿದ್ದು. ಡಿಪ್ ಬೆಳಕನ್ನು ಸಾಮಾನ್ಯವಾಗಿ ಶೇ 1ರಷ್ಟು, ಎಂದರೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರಿನಷ್ಟು ಕೆಳಮುಖ ಮಾಡಿ ಹೊಂದಿಸುತ್ತಾರೆ. ದೀಪ ನೆಲದಿಂದ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ 50 ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು 40 ಸೆಂಟಿಮೀಟರಿಗೆ ಇಳಿದಿರುತ್ತದೆ. ಯಾರಿಗೂ ತೊಂದರೆಯಿಲ್ಲ. ಈಗ ಲೋಡ್ ಹಾಕಿ. ಹಿಂದಿನ ಪ್ಲೇಟು ಆರು ಸೆಂಟಿಮೀಟರ್ ಕುಸಿಯಿತು, ಮುಂದಿನದು ಹಾಗೇ ನಿಂತಿತು ಎಂದುಕೊಳ್ಳೋಣ. ಮುಂದಿನ ಹಿಂದಿನ ಚಕ್ರಗಳ ನಡುವೆ ಮೂರು ಮೀಟರ್ ಅಂತರವಿದ್ದರೆ ಗಾಡಿಯ ಮೂತಿ ಶೇ 2ರಷ್ಟು ಮೇಲಕ್ಕೆದ್ದಿತು. ಶೇ 1 ಕೆಳಗಿದ್ದ ಬೆಳಕು ಈಗ ಶೇ 1 ಮೇಲೆ. ಅದೇ 50 ಮೀಟರ್ ದೂರದಲ್ಲಿ ಮೇಲಂಚು 140 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಕಾರಿನಲ್ಲಿ ಕೂತವರ ಕಣ್ಣು ಅದಕ್ಕಿಂತ ಕೆಳಗೆ. ಒಳ್ಳೆಯ ಬಲ್ಬು, ಒಳ್ಳೆಯ ಪ್ರತಿಫಲಕ, ಡಿಪ್ ಸ್ವಿಚ್ಚು ಎಲ್ಲ ಸರಿಯಿದ್ದೂ ಎದುರಿನವನಿಗೆ ಅದು ಹೈ ಬೀಮೇ.

ಇದನ್ನು ಯಾರು ಬೇಕಾದರೂ ನೋಡಿಕೊಳ್ಳಬಹುದು. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರಕ್ಕೆ ಖಾಲಿ ಗಾಡಿ ನಿಲ್ಲಿಸಿ, ಡಿಪ್ ಹಾಕಿ, ಬೆಳಕಿನ ಮೇಲಂಚಿಗೆ ಸೀಮೆಸುಣ್ಣದ ಗೆರೆ ಎಳೆಯಿರಿ. ಅದು ದೀಪದ ನಡುಮಧ್ಯಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿರಬೇಕು. ಇಲ್ಲದಿದ್ದರೆ ಹೆಡ್‌ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಿ. ಲೋಡ್ ಆದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಂದು ಗೆರೆ. ಮೇಲಿನ ಲೆಕ್ಕದಂತೆ ಮೂತಿ ಶೇ 2 ಎದ್ದಿದ್ದರೆ ಎರಡನೆಯ ಗೆರೆ ಇಪ್ಪತ್ತು ಸೆಂಟಿಮೀಟರ್ ಮೇಲಿರುತ್ತದೆ. ಹಲವು ಗಾಡಿಗಳ ಡ್ಯಾಶ್‌ಬೋರ್ಡಿನಲ್ಲಿ 0ಯಿಂದ 3ರವರೆಗೆ ಅಂಕಿ ಬರೆದ ಸಣ್ಣ ಚಕ್ರವಿರುವುದು ಇದಕ್ಕೇ. ಖಾಲಿ ಗಾಡಿಗೆ 0, ಲೋಡ್ ಏರಿದಂತೆ ಮೇಲಿನ ಅಂಕಿ. ಗೋಡೆಯ ಮುಂದೆ ನಿಂತಿರುವಾಗಲೇ ಚಕ್ರ ತಿರುಗಿಸುತ್ತ ಹೋಗಿ, ಯಾವ ಅಂಕಿಗೆ ಬೆಳಕು ಮೊದಲ ಗೆರೆಗೆ ಇಳಿಯುತ್ತದೋ ಅದೇ ಆ ಲೋಡಿನ ಅಂಕಿ. ಮಾಲು ಇಳಿಸಿದ ಮೇಲೆ ಮತ್ತೆ 0ಗೆ ತರಬೇಕು, ಇಲ್ಲವಾದರೆ ಖಾಲಿ ಗಾಡಿಯ ಬೆಳಕು ಬಂಪರಿನ ಮುಂದೆಯೇ ಬಿದ್ದು ದೂರದ ರಸ್ತೆ ಕಾಣುವುದಿಲ್ಲ. ಚಕ್ರವಿಲ್ಲದ ಗಾಡಿಯಾದರೆ, ಸದಾ ಲೋಡಿನಲ್ಲೇ ಓಡುವಂಥದ್ದಾದರೆ, ಸ್ಕ್ರೂ ತಿರುಗಿಸಿ ಹೊಂದಿಸುವ ಕೆಲಸವನ್ನು ಲೋಡ್ ಇಟ್ಟುಕೊಂಡೇ ಮಾಡಿಸಿ.