ಎಲ್‌ಸಿ ನಿಂತರೆ ಗಿರಣಿಯೂ ನಿಲ್ಲುತ್ತದೆ

1997ರ ಮಧ್ಯಭಾಗದಲ್ಲಿ ಒಂದು ಡಾಲರಿಗೆ ಇಂಡೊನೇಷ್ಯಾದ ಸುಮಾರು 2,400 ರುಪಿಯಾ ಸಾಕಾಗುತ್ತಿತ್ತು. ಮರುವರ್ಷದ ಜೂನ್ ಹೊತ್ತಿಗೆ 14,000ಕ್ಕೂ ಹೆಚ್ಚು ಬೇಕಾಯಿತು. ಅರ್ಥಶಾಸ್ತ್ರದ ಪಾಠದಂತೆ ಅಲ್ಲಿನ ರಫ್ತುದಾರರಿಗೆ ಇದು ಸುಗ್ಗಿ. ಆದರೆ 1998ರಲ್ಲಿ ಆ ದೇಶದ ರಫ್ತಿನ ಡಾಲರ್ ಮೌಲ್ಯ ಇಳಿಯಿತು. ತೈಲದ ಬೆಲೆ ಕುಸಿದದ್ದು, ನೆರೆಯ ದೇಶಗಳೂ ಮುಗ್ಗರಿಸಿದ್ದು ಕಾರಣವೇ ಸರಿ. ಇನ್ನೊಂದು ಕಾರಣ ಬ್ಯಾಂಕುಗಳಲ್ಲಿತ್ತು. ಅಲ್ಲಿನ ನೂಲಿನ ಗಿರಣಿಗಳಿಗೆ ಬೇಕಾದ ಹತ್ತಿ ಹೆಚ್ಚುಕಡಿಮೆ ಪೂರ್ತಿ ಹೊರದೇಶದ್ದು. ಅದನ್ನು ಮಾರುವವನು ಹಡಗಿಗೆ ಸರಕು ಏರಿಸುವ ಮೊದಲು ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್) ಕೇಳುತ್ತಾನೆ: ಕಾಗದಪತ್ರ ಸರಿಯಿದ್ದರೆ ಹಣ ತಾನು ಕೊಡುವುದಾಗಿ ಕೊಳ್ಳುವವನ ಬ್ಯಾಂಕು ಬರೆದುಕೊಡುವ ಖಾತರಿ ಅದು. 1997ರ ನವೆಂಬರ್ 1ರಂದು ಸರ್ಕಾರ 16 ಬ್ಯಾಂಕುಗಳನ್ನು ಮುಚ್ಚಿತು. ಮುಂದಿನ ತಿಂಗಳುಗಳಲ್ಲಿ ಉಳಿದ ಬ್ಯಾಂಕುಗಳ ಖಾತರಿಯನ್ನೂ ಹೊರಗಿನವರು ನಂಬದಾದರು. ಯಂತ್ರ, ಆಳು, ಗಿರಾಕಿ ಎಲ್ಲ ಇದ್ದೂ ಕಚ್ಚಾಮಾಲು ತರಿಸುವುದೇ ಕಷ್ಟವಾಯಿತು.

ಪೂರೈಕೆ ಸರಪಳಿಯನ್ನು ಗಟ್ಟಿ ಮಾಡುವ ಮಾತು ಬಂದಾಗೆಲ್ಲ ನಾವು ಗೋದಾಮು, ಬಂದರುಗಳ ಬಗ್ಗೆಯೇ ಯೋಚಿಸುತ್ತೇವೆ. ಆದರೆ ಹಣಕಾಸಿನ ಬಿಕ್ಕಟ್ಟಿನಲ್ಲಿ ಮೊದಲು ಕಡಿಯುವುದು ಸಾಲದ ಕೊಂಡಿ. ಬ್ಲಾಲಾಕ್, ಗರ್ಟ್ಲರ್, ಲೆವೈನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಪುರಾವೆ. ಅದರ ಪ್ರಕಾರ ರುಪಿಯಾ ಕುಸಿತದ ಲಾಭ ಇಂಡೊನೇಷ್ಯಾದ ರಫ್ತುದಾರರಿಗೆಲ್ಲ ಒದಗಿದ್ದರೂ ಬಂಡವಾಳ ಹೂಡಿಕೆ ಹೆಚ್ಚಿಸಿದವು ವಿದೇಶಿ ಒಡೆತನದ ಕಂಪನಿಗಳು ಮಾತ್ರ. ಆ ಕಂಪನಿಗಳಿಗೆ ಗಿರಾಕಿಗಳ ಪರಿಚಯ ಹೆಚ್ಚಿತ್ತಲ್ಲ ಎಂದು ಆಕ್ಷೇಪಿಸಬಹುದು. ಆದರೆ ಸ್ಥಳೀಯ ರಫ್ತುದಾರರಿಗೂ ಮಾರುಕಟ್ಟೆ ಹೊಸದಲ್ಲ. ಅವರಿಗಿಲ್ಲದ್ದು ಕಷ್ಟಕಾಲದಲ್ಲಿ ಡಾಲರ್ ಕೊಡುವ ಮಾತೃಸಂಸ್ಥೆ. ಹಾಗೆಂದು ಎಲ್ಲರೂ ಕಂಪನಿಯನ್ನು ಹೊರಗಿನವರಿಗೆ ಮಾರಬೇಕಿಲ್ಲ. ಕೊಳ್ಳುವವರಿಂದಲೇ ಮುಂಗಡ, ಕಚ್ಚಾಮಾಲು ಕೊಡುವವರಿಂದ ದೀರ್ಘ ಅವಧಿಯ ಉದ್ದರಿ, ಎರಡು ಮೂರು ದೇಶಗಳ ಬ್ಯಾಂಕುಗಳಲ್ಲಿ ಮೊದಲೇ ಮಂಜೂರಾದ ಸಾಲ, ಇವೂ ಒಂದಿಷ್ಟು ಮಟ್ಟಿಗೆ ಅದೇ ಕೆಲಸ ಮಾಡುತ್ತವೆ. ರುಪಿಯಾದಲ್ಲಿ ಗಳಿಸುವವರು ಬಡ್ಡಿ ಕಡಿಮೆಯೆಂದು ಡಾಲರ್ ಸಾಲ ಮಾಡದಿರುವುದೂ ಅಷ್ಟೇ ಮುಖ್ಯ. ಇದೆಲ್ಲ ದುಬಾರಿ, ನಿಜ. ಬಳಸದ ಸಾಲಕ್ಕೂ ಶುಲ್ಕ ತೆರಬೇಕು; ಸಣ್ಣ ಉದ್ದಿಮೆಗೆ ಅದು ಹೊರೆಯೇ. ಅಲ್ಲಿ ಸರ್ಕಾರದ ಖಾತರಿ ನಿಧಿ ಬೇಕಾಗುತ್ತದೆ.

ಕೊನೆಗೆ ಯಾವುದಾದರೂ ಸರ್ಕಾರ ಕೈಹಿಡಿಯುತ್ತದಲ್ಲ, ಮುಂಚೆಯೇ ಇಷ್ಟು ಖರ್ಚೇಕೆ ಎಂಬ ಪ್ರಶ್ನೆಗೆ ಶ್ರೀಲಂಕಾ ಉತ್ತರ. 2022ರಲ್ಲಿ ಡಾಲರ್ ಬರಿದಾಗಿ ಅಲ್ಲಿ ಇಂಧನ, ಔಷಧಗಳ ಆಮದು ಕಷ್ಟವಾದಾಗ ಭಾರತ ಇಂಧನಕ್ಕೆ 50 ಕೋಟಿ, ಆಹಾರ, ಔಷಧ ಮೊದಲಾದ ಅಗತ್ಯ ವಸ್ತುಗಳಿಗೆ 100 ಕೋಟಿ ಡಾಲರ್ ಸಾಲ ಕೊಟ್ಟಿತು. ನೆರವು ನಿಜವಾಗಿಯೂ ಒದಗಿತು. ಆದರೆ ಎರಡನೆಯ ಸಾಲದಲ್ಲಿ ಸರಕು ಕೊಳ್ಳಬೇಕಾದದ್ದು ಭಾರತದಿಂದಲೇ.